ಎಡ್ವರ್ಡ್ಸ್ ಮನೆತನ: ನಂಬಿಕೆ ತಲೆಮಾರಿಗೆ ದಾಟುವ ಬಗೆಯ ಒಂದು ಪ್ರಕರಣ ಅಧ್ಯಯನ

ಕುಟುಂಬ ಜೀವನದ ಕುರಿತ ಪ್ರಸಂಗಗಳಲ್ಲಿಯೂ (ಚರ್ಚಿನ ಉಪದೇಶಗಳಲ್ಲಿಯೂ) ತಂದೆತಾಯಿಯರಿಗೆಂದು ಬರೆದ ಪುಸ್ತಿಕೆಗಳಲ್ಲಿಯೂ ನೂರಕ್ಕೂ ಹೆಚ್ಚು ವರ್ಷಗಳಿಂದ ಒಂದು ಹೋಲಿಕೆ ತಪ್ಪದೆ ಕಾಣಿಸಿಕೊಳ್ಳುತ್ತದೆ. ಹದಿನೆಂಟನೆಯ ಶತಮಾನದ ಅಮೆರಿಕದಲ್ಲಿ ಇಬ್ಬರು ಗೃಹಸ್ಥರಿದ್ದರು. ಒಬ್ಬರು ಜೊನಾಥನ್ ಎಡ್ವರ್ಡ್ಸ್ ಎಂಬ ದೈವಭಕ್ತ ಸಭಾಪಾಲಕರು, ಅಂದರೆ ಕ್ರೈಸ್ತ ಸಭೆಯೊಂದರ (ಚರ್ಚಿನ) ಪಾದ್ರಿ. ಇನ್ನೊಬ್ಬ ಮ್ಯಾಕ್ಸ್ ಜ್ಯೂಕ್ಸ್ ಎಂಬ ನಾಸ್ತಿಕ. ಎಡ್ವರ್ಡ್ಸರ ವಂಶದಲ್ಲಿ 13 ಮಂದಿ ಕಾಲೇಜು ಅಧ್ಯಕ್ಷರು, 65 ಮಂದಿ ಪ್ರಾಧ್ಯಾಪಕರು, 30 ಮಂದಿ ನ್ಯಾಯಾಧೀಶರು, ದೇಶದ ಒಬ್ಬ ಉಪಾಧ್ಯಕ್ಷರು ಹುಟ್ಟಿದರು. ಜ್ಯೂಕ್ಸ್ ವಂಶದಲ್ಲಿ ಕಳ್ಳರು, ಕುಡುಕರು, ಸರ್ಕಾರದ ಅನ್ನಕ್ಕೆ ಕೈಯೊಡ್ಡಿದವರು ಹುಟ್ಟಿದರು. ನೀವು ಇಂದು ಏನನ್ನು ನಂಬುತ್ತೀರೋ ಅದೇ ನಿಮ್ಮ ಮೊಮ್ಮಕ್ಕಳ ಹಣೆಬರಹ ಎಂಬಲ್ಲಿಗೆ ಪ್ರಸಂಗ ಮುಗಿಯುತ್ತದೆ.

ಒಬ್ಬ ವ್ಯಕ್ತಿಯ ನಂಬಿಕೆ ಅವನ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಮುಟ್ಟುತ್ತದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಸಂದೇಹವಿರುವುದು ಅದು ಮುಟ್ಟುವ ಬಗೆಯ ಕುರಿತು. ಎಡ್ವರ್ಡ್ಸ್ ಕುಟುಂಬದ ಕಾಗದಪತ್ರಗಳು ಅಪರೂಪವೆನ್ನುವಷ್ಟು ಪ್ರಮಾಣದಲ್ಲಿ ಉಳಿದುಬಂದಿರುವುದರಿಂದ ಆ ಬಗೆಯನ್ನು ಪರೀಕ್ಷಿಸಲು ಇದಕ್ಕಿಂತ ತಕ್ಕ ಪ್ರಕರಣ ಸಿಗುವುದು ಕಷ್ಟ. ಅಲ್ಲದೆ ಇದರೊಳಗೊಂದು ವಿಪರ್ಯಾಸವೂ ಇದೆ. ನಂಬಿಕೆ ವಂಶಪಾರಂಪರ್ಯವಾಗಿ ಬರುತ್ತದೆ ಎಂಬುದಕ್ಕೆ ಯಾರನ್ನು ಸಾಕ್ಷಿಯಾಗಿ ನಿಲ್ಲಿಸಲಾಗಿದೆಯೋ ಅವರೇ, ನಂಬಿಕೆ ಹಾಗೆ ಬರುವುದಿಲ್ಲ ಎಂಬ ಮಾತಿಗೆ ಅಂಟಿಕೊಂಡು ತಮ್ಮ ಉದ್ಯೋಗವನ್ನು ಕಳೆದುಕೊಂಡವರು.

ಎಣಿಕೆ ಹುಟ್ಟಿದ ಬಗೆ

ಮೊದಲು ಜ್ಯೂಕ್ಸ್ ಕಥೆಯನ್ನು ನೋಡೋಣ. 1874ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾರಾಗೃಹಗಳನ್ನು ಪರಿಶೀಲಿಸುತ್ತಿದ್ದ ರಿಚರ್ಡ್ ಡಗ್‌ಡೇಲ್ ಎಂಬವರಿಗೆ ಒಂದು ಜಿಲ್ಲಾ ಜೈಲಿನಲ್ಲಿ ನಾಲ್ಕು ಬೇರೆ ಬೇರೆ ಮನೆತನದ ಹೆಸರುಗಳನ್ನು ಹೊತ್ತ ಆರು ಮಂದಿ ಕೈದಿಗಳು ರಕ್ತಸಂಬಂಧಿಗಳೆಂದು ತಿಳಿದುಬಂತು. ಅವರು ಆ ಎಳೆಯನ್ನು ಹಿಡಿದು ಹಿಂದಕ್ಕೆ ಹೋದರು. 1720ರಿಂದ 1740ರೊಳಗೆ ಹುಟ್ಟಿದ, ಡಚ್ ವಲಸಿಗರ ವಂಶದ ಒಬ್ಬ ವ್ಯಕ್ತಿಗೆ ‘ಮ್ಯಾಕ್ಸ್’ ಎಂದೂ, ಅವನ ಗಂಡುಮಕ್ಕಳಲ್ಲಿ ಇಬ್ಬರು ಯಾವ ಕುಟುಂಬದ ಅಕ್ಕತಂಗಿಯರನ್ನು ಮದುವೆಯಾದರೋ ಆ ಕುಟುಂಬಕ್ಕೆ ‘ಜ್ಯೂಕ್’ ಎಂದೂ ಸುಳ್ಳುಹೆಸರುಗಳನ್ನಿಟ್ಟು, ಒಟ್ಟು 709 ಮಂದಿಯ ವಿವರಗಳನ್ನು ಕಲೆಹಾಕಿದರು. ಇವರಲ್ಲಿ 540 ಮಂದಿ ರಕ್ತಸಂಬಂಧಿಗಳು, 169 ಮಂದಿ ಮದುವೆಯಿಂದಲೋ ಸಹವಾಸದಿಂದಲೋ ಸೇರಿಕೊಂಡವರು. ಎಪ್ಪತ್ತೈದು ವರ್ಷಗಳಲ್ಲಿ ಈ ಗುಂಪಿನಿಂದ ಸಮಾಜಕ್ಕೆ ಆದ ನಷ್ಟ 13 ಲಕ್ಷ ಡಾಲರಿಗೂ ಹೆಚ್ಚು ಎಂಬ ಲೆಕ್ಕವನ್ನೂ ಅವರು ಕೊಟ್ಟರು.

ಡಗ್‌ಡೇಲ್ ಬರೆದದ್ದನ್ನು ನೇರವಾಗಿ ಓದಿದವರಿಗೆ ಎರಡು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಮೊದಲನೆಯದು, ಮ್ಯಾಕ್ಸ್ ನಾಸ್ತಿಕನಾಗಿದ್ದನೆಂದು ಅವರು ಎಲ್ಲಿಯೂ ಹೇಳಿಲ್ಲ. ಅವರ ಪ್ರಕಾರ ಅವನು ಬೇಟೆಗಾರ, ಮೀನುಗಾರ, ವಿಪರೀತ ಕುಡಿಯುವವ, ನಗುನಗುತ್ತ ಹತ್ತು ಜನರೊಡನೆ ಬೆರೆಯುವವ, ಒಂದೇ ಸಮನೆ ದುಡಿಯಲು ಒಲ್ಲದವ, ವಯಸ್ಸಾದ ಮೇಲೆ ಕಣ್ಣು ಕಳೆದುಕೊಂಡವ. ಅವನ ನಾಸ್ತಿಕತೆ ಮುಂದೆ ಬೋಧಕರ ಬಾಯಲ್ಲಿ ಹುಟ್ಟಿಕೊಂಡದ್ದು. ಎರಡನೆಯದು, ಪರಿಸರ ಬದಲಾದರೆ ಈ ಜನರ ಬಾಳೂ ಬದಲಾಗುತ್ತದೆ ಎಂಬುದೇ ಡಗ್‌ಡೇಲ್ ಅವರ ಸಲಹೆಯ ತಿರುಳಾಗಿತ್ತು. ರಕ್ತವೊಂದೇ ಕಾರಣ ಎಂಬ ಅರ್ಥ ಆ ವರದಿಗೆ ಅಂಟಿಕೊಂಡದ್ದು ಅವರು ತೀರಿಕೊಂಡ ನಂತರ.

ಎಡ್ವರ್ಡ್ಸ್ ಕಡೆಯ ಎಣಿಕೆಯನ್ನು ಮಾಡಿದವರು ಬಾಸ್ಟನ್ನಿನ ಶಿಕ್ಷಣ ಪತ್ರಿಕೆಯೊಂದರ ಸಂಪಾದಕರಾಗಿದ್ದ ಆಲ್ಬರ್ಟ್ ವಿನ್‌ಶಿಪ್. 1900ರಲ್ಲಿ ಅವರು ಎಡ್ವರ್ಡ್ಸರ ಸುಮಾರು 1,400 ಮಂದಿ ವಂಶಜರನ್ನು ಪತ್ತೆಹಚ್ಚಿ ಜ್ಯೂಕ್ಸ್ ಗುಂಪಿನ ಎದುರಿಗಿಟ್ಟರು. ಮೇಲ್ನೋಟಕ್ಕೆ ತಕ್ಕಡಿ ಸಮನಾಗಿ ಕಾಣುತ್ತದೆ. ಆದರೆ ಒಂದು ಗುಂಪನ್ನು ಆರಿಸಿದ್ದು ಜೈಲಿನ ಬಾಗಿಲಲ್ಲಿ ನಿಂತು, ಇನ್ನೊಂದನ್ನು ಆರಿಸಿದ್ದು ಕಾಲೇಜಿನ ಬಾಗಿಲಲ್ಲಿ ನಿಂತು. ಎಲ್ಲಿ ನಿಂತು ಎಣಿಸುತ್ತೇವೆಯೋ ಅಲ್ಲಿಗೆ ತಕ್ಕವರೇ ಹೆಚ್ಚಾಗಿ ಎಣಿಕೆಗೆ ಸಿಗುತ್ತಾರೆ.

ಇದಲ್ಲದೆ ಗಣಿತದ ಒಂದು ಸರಳ ತೊಡಕಿದೆ. ಪ್ರತಿಯೊಬ್ಬರಿಗೂ ಇಬ್ಬರು ತಂದೆತಾಯಿ, ನಾಲ್ವರು ಅಜ್ಜಅಜ್ಜಿಯರು, ಅದಕ್ಕೂ ಹಿಂದೆ 8, ಅದಕ್ಕೂ ಹಿಂದೆ 16 ಮಂದಿ ಹಿರಿಯರು ಇರುತ್ತಾರೆ. 1850ರ ಸುಮಾರಿನ ಒಬ್ಬ ನ್ಯಾಯಾಧೀಶರು ಎಡ್ವರ್ಡ್ಸರಿಂದ ನಾಲ್ಕನೆಯ ತಲೆಮಾರಿನವರಾಗಿದ್ದರೆ ಎಡ್ವರ್ಡ್ಸ್ ಅವರಿಗೆ ಹದಿನಾರರಲ್ಲಿ ಒಬ್ಬ ಹಿರಿಯರು. ಉಳಿದ ಹದಿನೈದು ಮಂದಿಯ ನಂಬಿಕೆ ಏನಾಗಿತ್ತು, ಅವರ ಪೈಕಿ ಕುಡುಕರೆಷ್ಟು ಮಂದಿ, ಸಂತರೆಷ್ಟು ಮಂದಿ ಎಂಬುದನ್ನು ಈ ಲೆಕ್ಕ ಕೇಳುವುದೇ ಇಲ್ಲ. ಕೆಳಗಿನಿಂದ ಮೇಲಕ್ಕೆ ನೋಡಿದರೆ ಬೇರುಗಳಂತೆ ಹರಡಿಕೊಳ್ಳುವ ವಂಶವೃಕ್ಷವನ್ನು ಮೇಲಿನಿಂದ ಕೆಳಕ್ಕೆ ಒಂದೇ ಕಾಂಡವೆಂಬಂತೆ ಚಿತ್ರಿಸುವುದರಲ್ಲಿಯೇ ಈ ಕಥೆಯ ಅರ್ಧ ಬಲ ಅಡಗಿದೆ.

ಎಡ್ವರ್ಡ್ಸರ ಬದಲು ಅವರ ತಂದೆಯ ತಾಯಿಯಿಂದ ಎಣಿಕೆಯನ್ನು ಆರಂಭಿಸಿದ್ದರೆ ಏನಾಗುತ್ತಿತ್ತು? ಎಲಿಜಬೆತ್ ಟಟಲ್ ಎಂಬ ಆ ಅಜ್ಜಿಗೆ ಅವರ ಪತಿ 1691ರಲ್ಲಿ ವಿಚ್ಛೇದನ ಕೊಟ್ಟಿದ್ದರು. ಕಟ್ಟುನಿಟ್ಟಿನ ಪ್ರೊಟೆಸ್ಟೆಂಟ್ ಕ್ರೈಸ್ತರಾದ ಪ್ಯೂರಿಟನ್ನರ ಸಮಾಜದಲ್ಲಿ ಅದು ತೀರ ವಿರಳವಾದ ಸಂಗತಿ. ಆಕೆಯ ಒಬ್ಬ ತಮ್ಮ 1676ರಲ್ಲಿ ತನ್ನ ಅಕ್ಕನನ್ನೇ ಕೊಡಲಿಯಿಂದ ಕಡಿದು ಕೊಂದಿದ್ದ. ಒಬ್ಬ ತಂಗಿ ತನ್ನ ಮಗನನ್ನು ಕೊಂದಿದ್ದಳು. ಡಗ್‌ಡೇಲ್ ಈ ಜೈಲಿನ ಬಾಗಿಲಲ್ಲಿ ನಿಂತಿದ್ದರೆ ಅಮೆರಿಕದ ಅತಿದೊಡ್ಡ ದೇವತಾಶಾಸ್ತ್ರಜ್ಞರು ಕೊಲೆಗಾರರ ವಂಶವೊಂದರ ಪಟ್ಟಿಯಲ್ಲಿ ಬರುತ್ತಿದ್ದರು.

ಈ ಬಗೆಯ ವಂಶಗಣನೆ ನಿರುಪದ್ರವಿ ಹವ್ಯಾಸವಾಗಿ ಉಳಿಯಲಿಲ್ಲ. ಯಾರು ಮಕ್ಕಳನ್ನು ಹೆರಬೇಕೆಂಬುದನ್ನು ನಿಯಂತ್ರಿಸಿ ಮನುಷ್ಯಕುಲವನ್ನು ಉತ್ತಮಪಡಿಸಬೇಕೆಂದು ವಾದಿಸಿದ ಸುಪ್ರಜನನವಾದಿಗಳು ಜ್ಯೂಕ್ಸ್ ವರದಿಯನ್ನು ಕೈಗೆತ್ತಿಕೊಂಡರು. ಅವರ ಸಂಸ್ಥೆಯ ಪರವಾಗಿ ಆರ್ಥರ್ ಎಸ್ಟಬ್ರೂಕ್ ಎಂಬವರು ಅದೇ ಕುಟುಂಬಗಳನ್ನು ಮತ್ತೊಮ್ಮೆ ಪರಿಶೀಲಿಸಿ 1916ರಲ್ಲಿ ಹೊಸ ವರದಿಯನ್ನು ಪ್ರಕಟಿಸಿದರು. ವರ್ಜೀನಿಯಾದ ಕ್ಯಾರಿ ಬಕ್ ಎಂಬ ಯುವತಿಗೆ ಬಲವಂತದ ಸಂತಾನಹರಣ ಚಿಕಿತ್ಸೆ ಮಾಡಬಹುದೇ ಎಂಬ ಪ್ರಶ್ನೆ 1924ರಲ್ಲಿ ವಿಚಾರಣೆಗೆ ಬಂದಾಗ ತಜ್ಞ ಸಾಕ್ಷಿಯಾಗಿ ನುಡಿದವರಲ್ಲಿ ಅದೇ ಎಸ್ಟಬ್ರೂಕ್ ಒಬ್ಬರು. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಮೂರು ತಲೆಮಾರಿನ ಮಂದಮತಿಗಳು ಸಾಕು ಎಂದು ನ್ಯಾಯಮೂರ್ತಿ ಹೋಮ್ಸ್ ತೀರ್ಪಿನಲ್ಲಿ ಬರೆದರು. ಮೂರನೆಯ ತಲೆಮಾರೆಂದು ಅವರು ಲೆಕ್ಕಕ್ಕೆ ಹಿಡಿದಿದ್ದ ಕ್ಯಾರಿಯ ಮಗಳು ಶಾಲೆಗೆ ಸೇರಿ ಒಮ್ಮೆ ಉತ್ತಮ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಹೆಸರು ಪಡೆದು, ಎಂಟನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆ ಶತಮಾನದಲ್ಲಿ ಅಮೆರಿಕದಲ್ಲಿ 60,000ಕ್ಕೂ ಹೆಚ್ಚು ಜನರು ಇಂತಹ ಕಾನೂನುಗಳಡಿ ಸಂತಾನಶಕ್ತಿಯನ್ನು ಕಳೆದುಕೊಂಡರು. ತಲೆಮಾರುಗಳ ಮೇಲೆ ಒಬ್ಬರ ನಂಬಿಕೆ ಬೀರುವ ಪ್ರಭಾವವನ್ನು ಕುರಿತು ಮಾತಾಡುವಾಗ, ವಂಶವನ್ನು ಕುರಿತ ಈ ನಂಬಿಕೆ ಬೇರೆಯವರ ತಲೆಮಾರುಗಳನ್ನು ಏನು ಮಾಡಿತು ಎಂಬುದನ್ನೂ ಜೊತೆಗಿಟ್ಟುಕೊಳ್ಳಬೇಕೆಂದು ನನಗನಿಸುತ್ತದೆ.

ಮನೆಯೊಳಗೆ

ಎಣಿಕೆ ಸೋತಿತೆಂದು ಪ್ರಭಾವವೇ ಇರಲಿಲ್ಲವೆಂದು ಹೇಳಲಾಗದು. ಎಡ್ವರ್ಡ್ಸರ ಮನೆಯೊಳಗೆ ಹೋಗಿ ನೋಡಿದರೆ ಮುಂದಿನ ತಲೆಮಾರಿಗೆ ದಾಟಿದ್ದು ಏನೆಂದು ಸಾಕಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಜೊನಾಥನ್ 1703ರಲ್ಲಿ ಕನೆಕ್ಟಿಕಟ್‌ನ ಸಭಾಪಾಲಕರೊಬ್ಬರ ಮನೆಯಲ್ಲಿ ಹುಟ್ಟಿದರು. ಹನ್ನೊಂದು ಮಕ್ಕಳಲ್ಲಿ ಅವರೊಬ್ಬರೇ ಗಂಡುಮಗು. ತಂದೆ ಮನೆಯಲ್ಲಿಯೇ ಹುಡುಗರನ್ನು ಕಾಲೇಜಿಗೆ ಸಿದ್ಧಪಡಿಸುತ್ತಿದ್ದರು. ಹತ್ತು ಮಂದಿ ಅಕ್ಕತಂಗಿಯರಿಗೂ ಆ ಕಾಲದ ಹೆಣ್ಣುಮಕ್ಕಳಿಗೆ ಅಪರೂಪವೆನ್ನಬಹುದಾದ ವಿದ್ಯಾಭ್ಯಾಸ ದೊರೆತಿತ್ತು. 1727ರಲ್ಲಿ ಅವರು ಸಾರಾ ಪಿಯರ್‌ಪಾಂಟ್ ಅವರನ್ನು ಮದುವೆಯಾದರು. ಸಾರಾ ಅವರ ತಂದೆ ಯೇಲ್ ಕಾಲೇಜಿನ ಸ್ಥಾಪಕರಲ್ಲಿ ಒಬ್ಬರು. ದಂಪತಿಗೆ ಎಂಟು ಹೆಣ್ಣು, ಮೂರು ಗಂಡು ಮಕ್ಕಳಾದರು. ಹನ್ನೊಂದೂ ಮಕ್ಕಳು ಶೈಶವವನ್ನು ದಾಟಿ ಬೆಳೆದದ್ದು ಆ ಕಾಲಕ್ಕೆ ಸಾಮಾನ್ಯವಾದ ಮಾತಲ್ಲ.

ಎಡ್ವರ್ಡ್ಸ್ ದಿನದ ಹದಿಮೂರು ಗಂಟೆಗಳನ್ನು ಓದುಬರಹದ ಕೋಣೆಯಲ್ಲಿ ಕಳೆಯುತ್ತಿದ್ದರೆಂದು ಅವರ ಶಿಷ್ಯ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಬರೆದಿದ್ದಾರೆ. ಹಾಗಿರುವಾಗ ಮನೆಯ ಭಾರವೆಲ್ಲ ಯಾರ ಹೆಗಲ ಮೇಲಿತ್ತೆಂದು ಬೇರೆ ಹೇಳಬೇಕಿಲ್ಲ. ಆ ಮನೆಯಲ್ಲಿ ಕೆಲಕಾಲ ವಾಸವಾಗಿದ್ದ ಹಾಪ್ಕಿನ್ಸ್ ಕೊಡುವ ಚಿತ್ರದಲ್ಲಿ ಸಾರಾ ಮಕ್ಕಳ ಮೇಲೆ ದನಿಯೆತ್ತದೆ, ಹೊಡೆಯದೆ, ಆದರೆ ತೀರ ಎಳೆಯ ವಯಸ್ಸಿನಿಂದಲೇ ಬಿಗಿಯಾದ ಶಿಸ್ತಿನಲ್ಲಿ ಬೆಳೆಸಿದರು. ತಪ್ಪು ಮಾಡಿದ ಮಗುವಿಗೆ ಕಾರಣವನ್ನು ವಿವರಿಸಿ ಹೇಳುವುದು ಅವರ ಕ್ರಮ. ತಂದೆ ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳಿಗೆ ಅವರವರ ವಯಸ್ಸಿಗೆ ತಕ್ಕಂತೆ ಪ್ರಶ್ನೆ ಕೇಳುತ್ತಿದ್ದರು. ಶನಿವಾರ ಸಂಜೆ ಪ್ರಶ್ನೋತ್ತರ ರೂಪದ ಬೋಧನೆ ನಡೆಯುತ್ತಿತ್ತು. 1740ರಲ್ಲಿ ಪ್ರಸಿದ್ಧ ಬೋಧಕ ಜಾರ್ಜ್ ವಿಟ್‌ಫೀಲ್ಡ್ ಅತಿಥಿಯಾಗಿ ಬಂದವರು ಈ ಸಂಸಾರವನ್ನು ಕಂಡು ತಮಗೂ ಇಂತಹ ಮಡದಿ ದೊರೆಯಲೆಂದು ಪ್ರಾರ್ಥಿಸಿದರಂತೆ.

ಸಾರಾ ಅವರ ನಂಬಿಕೆ ಗಂಡನ ನಂಬಿಕೆಯ ನೆರಳಾಗಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. 1742ರ ಜನವರಿಯಲ್ಲಿ ಎಡ್ವರ್ಡ್ಸ್ ಊರಲ್ಲಿರದಿದ್ದಾಗ ಅವರಿಗೆ ಹಲವು ದಿನಗಳ ಕಾಲ ಗಾಢವಾದ ಆಧ್ಯಾತ್ಮಿಕ ಅನುಭವವಾಯಿತು. ಪತಿಯ ಮೆಚ್ಚುಗೆ ತಪ್ಪಿದರೂ, ಊರಿನವರ ಗೌರವ ಹೋದರೂ ತಾನು ಕದಲುವುದಿಲ್ಲವೆಂಬ ನೆಮ್ಮದಿ ಆ ಅನುಭವದ ಒಂದು ಭಾಗವಾಗಿತ್ತು. ಹಿಂದಿರುಗಿದ ಎಡ್ವರ್ಡ್ಸ್ ಅದನ್ನು ಬರೆದಿಡುವಂತೆ ಕೇಳಿಕೊಂಡು, ಮುಂದೆ ತಮ್ಮ ಕೃತಿಯೊಂದರಲ್ಲಿ ಹೆಸರು ಹೇಳದೆ ಬಳಸಿಕೊಂಡರು. ಮನೆಯ ಹೆಣ್ಣುಮಕ್ಕಳು ಕಂಡದ್ದು ಇಬ್ಬರು ವಿಶ್ವಾಸಿಗಳನ್ನು. ಒಬ್ಬ ವಿಶ್ವಾಸಿಯನ್ನೂ ಅವರ ಹಿಂಬಾಲಕಿಯನ್ನೂ ಅಲ್ಲ. ಮಗಳು ಎಸ್ತರ್ ಗೆಳತಿಗೆಂದು ಬರೆದ ದಿನಚರಿಯಲ್ಲಿ, ಹೆಂಗಸರಿಗೆ ಗಾಢ ಸ್ನೇಹ ತಿಳಿಯದೆಂದ ಒಬ್ಬ ತರುಣ ಕಾಲೇಜು ಅಧ್ಯಾಪಕನನ್ನು ತಾನು ವಾದದಲ್ಲಿ ಸೋಲಿಸಿದ್ದನ್ನು ಹೇಳುವಾಗಿನ ಗಟ್ಟಿತನಕ್ಕೆ ಇದೂ ಒಂದು ಕಾರಣವಿರಬೇಕು.

ಇನ್ನು ಮನೆಯ ಹೊರಗಿನ ಸಂಗತಿ. 1750ರ ವೇಳೆಗೆ ಬ್ರಿಟಿಷ್ ಅಮೆರಿಕದಲ್ಲಿ ಪದವಿ ಕೊಡುವ ಕಾಲೇಜುಗಳಿದ್ದುದು ನಾಲ್ಕೇ. ಹಾರ್ವರ್ಡ್, ವಿಲಿಯಂ ಅಂಡ್ ಮೇರಿ, ಯೇಲ್ ಮತ್ತು ಮುಂದೆ ಪ್ರಿನ್ಸ್‌ಟನ್ ಎನಿಸಿಕೊಂಡ ನ್ಯೂಜೆರ್ಸಿ ಕಾಲೇಜು. ತಾತ ಯೇಲ್ ಕಟ್ಟಿದವರು, ಅಳಿಯ ನ್ಯೂಜೆರ್ಸಿ ಕಾಲೇಜಿನ ಅಧ್ಯಕ್ಷರು, ಅಳಿಯನ ನಂತರ ಮಾವನೇ ಅಧ್ಯಕ್ಷರು ಎಂಬ ಸ್ಥಿತಿಯಲ್ಲಿ ಹುಟ್ಟಿದ ಮಗುವಿಗೆ ಪುಸ್ತಕ, ಗುರು, ಪರಿಚಯಪತ್ರ, ಸಂಬಂಧ ಎಲ್ಲವೂ ಅಂಗಳದಲ್ಲಿಯೇ ಇದ್ದವು. ಈ ವಂಶದ ಮೂವರು ಯೇಲ್ ಒಂದಕ್ಕೇ ಅಧ್ಯಕ್ಷರಾದರು: 1795ರಿಂದ 1817ರವರೆಗೆ ಮಗಳ ಮಗ ಟಿಮೊಥಿ ಡ್ವೈಟ್, 1846ರಿಂದ 1871ರವರೆಗೆ ಥಿಯೊಡೋರ್ ಡ್ವೈಟ್ ವೂಲ್ಸಿ, 1886ರಿಂದ 1899ರವರೆಗೆ ಮತ್ತೊಬ್ಬ ಟಿಮೊಥಿ ಡ್ವೈಟ್. ಇದರಲ್ಲಿ ಪ್ರತಿಭೆ ಇಲ್ಲವೆಂದಲ್ಲ. ಆದರೆ ಪ್ರತಿಭೆ ಒಂದೇ ಕಾಲೇಜಿನ ಒಂದೇ ಕುರ್ಚಿಯ ಸುತ್ತ ಮತ್ತೆ ಮತ್ತೆ ಕಾಣಿಸಿಕೊಳ್ಳುವಾಗ ದಾರಿಯೂ ಮೊದಲೇ ಸವೆದಿತ್ತೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ಅಜ್ಜನ ಸಭೆಯಲ್ಲಿ

ಪ್ರಕರಣದ ಗಂಟು ಇರುವುದು ಇಲ್ಲಿ. ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿಗೆ ಬಂದ ಮೊದಲ ಪ್ಯೂರಿಟನ್ನರು ತಮ್ಮೊಳಗೆ ದೇವರ ಕೃಪೆ ಕೆಲಸ ಮಾಡಿದೆಯೆಂದು ಸಾಕ್ಷಿ ಹೇಳಬಲ್ಲವರನ್ನು ಮಾತ್ರ ಸಭೆಯ ಪೂರ್ಣ ಸದಸ್ಯರೆಂದು ಸ್ವೀಕರಿಸುತ್ತಿದ್ದರು. ಅಂತಹವರ ಮಕ್ಕಳಿಗೆ ಮಾತ್ರ ದೀಕ್ಷಾಸ್ನಾನ. ಒಂದು ತಲೆಮಾರು ಕಳೆಯುತ್ತಲೇ ಈ ನಿಯಮ ಬಿಕ್ಕಟ್ಟಿಗೆ ಸಿಕ್ಕಿತು. ದೀಕ್ಷಾಸ್ನಾನ ಪಡೆದ ಮಕ್ಕಳು ಬೆಳೆದು ದೊಡ್ಡವರಾದರು, ಸಭ್ಯರಾಗಿ ಬಾಳಿದರು, ಆದರೆ ಅಂತಹ ಅನುಭವ ತಮಗಾಗಿದೆಯೆಂದು ಹೇಳಲು ಅವರ ಮನಸ್ಸು ಒಪ್ಪಲಿಲ್ಲ. ಹಾಗಾದರೆ ಅವರ ಮಕ್ಕಳ ಗತಿ ಏನು? ನಂಬಿಕೆಗಾಗಿ ಕಡಲು ದಾಟಿ ಬಂದವರ ಮೊಮ್ಮಕ್ಕಳೇ ಸಭೆಯ ಹೊರಗೆ ಉಳಿಯಬೇಕೇ? 1662ರ ಸಭಾಮಂಡಲಿಯು ಇದಕ್ಕೆ ನಡುದಾರಿಯೊಂದನ್ನು ಕಂಡುಕೊಂಡಿತು. ಅಂತಹವರ ಮಕ್ಕಳಿಗೆ ದೀಕ್ಷಾಸ್ನಾನ ಕೊಡಬಹುದು, ಆದರೆ ಅವರು ಕರ್ತನ ಭೋಜನದಲ್ಲಿ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಹಂಚಿಕೊಳ್ಳುವ ಸಂಸ್ಕಾರದಲ್ಲಿ, ಪಾಲುಗೊಳ್ಳುವಂತಿಲ್ಲ. ಜನ ಇದನ್ನು ಅರ್ಧ ಒಡಂಬಡಿಕೆ ಎಂದು ಹಂಗಿಸಿದರು. ನಂಬಿಕೆಯನ್ನು ಆಸ್ತಿಯಂತೆ ಬರೆದುಕೊಡಲಾಗದ ಜನರು ಕೊನೆಗೆ ಅದರ ಅರ್ಧ ಹಕ್ಕನ್ನಾದರೂ ಮೊಮ್ಮಕ್ಕಳಿಗೆ ಬರೆದುಕೊಟ್ಟರು ಎನ್ನಬಹುದು.

ನಾರ್ತಾಂಪ್ಟನ್ ಪಟ್ಟಣದ ಸಭಾಪಾಲಕ ಸಾಲೊಮನ್ ಸ್ಟಾಡರ್ಡ್ ಇನ್ನೂ ಮುಂದೆ ಹೋದರು. ಸಭ್ಯ ನಡತೆಯುಳ್ಳ ಎಲ್ಲರಿಗೂ ಅವರು ಕರ್ತನ ಭೋಜನವನ್ನು ತೆರೆದರು. ಭೋಜನವೇ ಮನುಷ್ಯನನ್ನು ಪರಿವರ್ತಿಸಬಹುದೆಂಬುದು ಅವರ ವಾದ. ಈ ಸ್ಟಾಡರ್ಡ್ ಎಡ್ವರ್ಡ್ಸರ ತಾಯಿಯ ತಂದೆ. 1727ರಲ್ಲಿ ಮೊಮ್ಮಗ ಅವರ ಸಹಾಯಕನಾಗಿ ಬಂದು, 1729ರಲ್ಲಿ ಅಜ್ಜ ತೀರಿಕೊಂಡ ಬಳಿಕ ಅದೇ ಪೀಠವನ್ನು ಏರಿದರು. ಸಾಲದ್ದಕ್ಕೆ, ಅಜ್ಜನ ಪದ್ಧತಿಯನ್ನೇ ಸುಮಾರು ಇಪ್ಪತ್ತು ವರ್ಷ ನಡೆಸಿಕೊಂಡು ಬಂದರು.

ಆ ಇಪ್ಪತ್ತು ವರ್ಷಗಳಲ್ಲಿ 1734–35ರ ಉಜ್ಜೀವನ, ಅಂದರೆ ಧಾರ್ಮಿಕ ಜಾಗೃತಿಯ ಅಲೆ ಬಂತು, ಊರಿಗೆ ಊರೇ ಕಣ್ಣೀರು ಹಾಕಿತು; ಅದು ಇಳಿದುಹೋದ ಮೇಲೆ ಜನ ಹಳೆಯ ಜಗಳಗಳಿಗೆ ಮರಳಿದರು. ಬಾಯಿಮಾತಿನ ಭಕ್ತಿಗೂ ನಿಜವಾದ ಭಕ್ತಿಗೂ ಇರುವ ವ್ಯತ್ಯಾಸ ಎಡ್ವರ್ಡ್ಸರ ಜೀವಮಾನದ ಪ್ರಶ್ನೆಯಾಯಿತು. 1749ರಲ್ಲಿ ಅವರು ತಮ್ಮ ನಿಲುವನ್ನು ಅಚ್ಚುಹಾಕಿಸಿ ಪ್ರಕಟಿಸಿದರು: ಹೃದಯದಿಂದ ನಂಬಿದ್ದೇನೆಂದು ತಾವೇ ಹೇಳಬಲ್ಲವರಿಗೆ ಮಾತ್ರ ಪೂರ್ಣ ಸದಸ್ಯತ್ವ. ಊರು ಕೆರಳಿತು. ಇದು ಅವರ ಅಜ್ಜನ ಸ್ಮರಣೆಗೆ ಎಸಗಿದ ದ್ರೋಹ ಎಂಬ ಮಾತು ಎದ್ದಿತು. ಜನರ ಸಿಟ್ಟಿಗೆ ಬೇರೆ ಕಾರಣಗಳೂ ಇದ್ದವು. 1744ರಲ್ಲಿ ಸೂಲಗಿತ್ತಿಯರ ಪುಸ್ತಕವೊಂದನ್ನು ಹಿಡಿದುಕೊಂಡು ಹುಡುಗಿಯರನ್ನು ಗೇಲಿ ಮಾಡಿದ ಯುವಕರ ವಿಚಾರಣೆಯಲ್ಲಿ, ಆರೋಪಿಗಳು ಯಾರು, ಸಾಕ್ಷಿಗಳು ಯಾರು ಎಂದು ಬೇರ್ಪಡಿಸದೆ ಎಲ್ಲರ ಹೆಸರುಗಳನ್ನೂ ಅವರು ಪೀಠದಿಂದ ಒಟ್ಟಿಗೆ ಓದಿಬಿಟ್ಟಿದ್ದರು. ಆ ಪಟ್ಟಿಯಲ್ಲಿ ಊರಿನ ದೊಡ್ಡ ಮನೆಗಳ ಮಕ್ಕಳಿದ್ದರು. ತಮ್ಮ ಮಕ್ಕಳೊಡನೆ ನಯವಾಗಿದ್ದ ಮನುಷ್ಯ ಬೇರೆಯವರ ಮಕ್ಕಳ ವಿಷಯದಲ್ಲಿ ಅಷ್ಟು ಎಚ್ಚರ ವಹಿಸಲಿಲ್ಲ.

1750ರ ಜೂನ್ 22ರಂದು ಅವರನ್ನು ಸಭೆಯಿಂದ ಬಿಡಿಸಲಾಯಿತು. ನೆರೆಯ ಸಭೆಗಳ ಪ್ರತಿನಿಧಿಗಳ ಮಂಡಲಿಯಲ್ಲಿ ನಿರ್ಧಾರವಾದದ್ದು ಒಂದೇ ಮತದಿಂದ. ಸ್ವಂತ ಸಭೆಯಲ್ಲಾದರೋ ಅವರ ಪರವಾಗಿ ನಿಂತವರು ಹತ್ತರಲ್ಲಿ ಒಬ್ಬರಷ್ಟೇ. ವಿರೋಧಿಗಳ ಮುಂದಾಳುಗಳಲ್ಲಿ ಅವರ ಚಿಕ್ಕಮ್ಮನ ಮಗ, ವಕೀಲ ಜೋಸೆಫ್ ಹಾಲಿಯೂ ಇದ್ದರು. ಹಾಲಿಯ ತಂದೆ ಹಿಂದಿನ ಉಜ್ಜೀವನದ ಕಾಲದಲ್ಲಿ, ತನ್ನ ಆತ್ಮಕ್ಕೆ ರಕ್ಷಣೆಯಿಲ್ಲವೆಂಬ ಕೊರಗಿನಲ್ಲಿ, 1735ರಲ್ಲಿ ಪ್ರಾಣ ಕಳೆದುಕೊಂಡವರು. ಒಬ್ಬರ ನಂಬಿಕೆ ಮತ್ತೊಬ್ಬರ ಮನೆಯಲ್ಲಿ ಏನು ಮಾಡಿತೆಂಬ ಲೆಕ್ಕ ಈ ಕುಟುಂಬದೊಳಗೂ ಇತ್ತು. ವಿನ್‌ಶಿಪ್ ಅವರ ಪಟ್ಟಿಯಲ್ಲಿ ಅದಕ್ಕೆ ಸ್ಥಳವಿರಲಿಲ್ಲ. ಹಾಲಿ ಮುಂದೆ ಪಶ್ಚಾತ್ತಾಪಪಟ್ಟು, ಬಹಿರಂಗವಾಗಿ ಕ್ಷಮೆಯಾಚಿಸಿದರು.

ಇದೆಲ್ಲದರ ತಿರುಳಿಷ್ಟು: ತಂದೆತಾಯಿಯ ನಂಬಿಕೆಯನ್ನು ಮಕ್ಕಳ ಲೆಕ್ಕಕ್ಕೆ ಜಮಾ ಮಾಡಬಾರದೆಂದು ಎಡ್ವರ್ಡ್ಸ್ ಹಟ ಹಿಡಿದರು. ವಿದಾಯದ ಪ್ರಸಂಗದಲ್ಲಿ ಪ್ರತಿ ಕ್ರೈಸ್ತ ಕುಟುಂಬವೂ ಒಂದು ಚಿಕ್ಕ ಸಭೆಯಂತಿರಬೇಕೆಂದೂ, ಮನೆಯ ಶಿಕ್ಷಣ ಕೆಟ್ಟರೆ ಉಳಿದ ಸಾಧನಗಳೆಲ್ಲ ವ್ಯರ್ಥವೆಂದೂ ಅವರೇ ಹೇಳಿದರು. ಮೊದಲ ಓದಿಗೆ ಇವು ಎದುರುಬದುರಾದ ಮಾತುಗಳಂತೆ ತೋರುತ್ತವೆ. ಅವರ ಆಲೋಚನೆಯಲ್ಲಿ ಮನೆ ಎಂಬುದು ಸಾಧನ, ನಂಬಿಕೆ ಎಂಬುದು ದೇವರ ಕೊಡುಗೆ. ಹೊಲವನ್ನು ಉತ್ತು ಹಸನು ಮಾಡುವ ಹೊಣೆ ತಂದೆತಾಯಿಯರದು, ಮಳೆ ಅವರ ಕೈಯಲ್ಲಿಲ್ಲ.

ತಾವು ಊರಿಗೆ ಹೇಳಿದ್ದನ್ನೇ ಅವರು ತಮ್ಮ ಮಕ್ಕಳಿಗೂ ಹೇಳಿದರು. ಕೆಲಸ ಹೋದ ಮೇಲೆ ಕುಟುಂಬ ಗಡಿನಾಡಿನ ಸ್ಟಾಕ್‌ಬ್ರಿಜ್ ಎಂಬ ಪುಟ್ಟ ಊರಿಗೆ, ಮೊಹಿಕನ್ ಎಂಬ ಮೂಲನಿವಾಸಿ ಜನರ ನಡುವಿನ ಸೇವೆಗೆ ಹೋಯಿತು. ಎಡ್ವರ್ಡ್ಸ್ ಬೀಸಣಿಗೆ ತಯಾರಿಕೆಯಲ್ಲಿ ಉಳಿದ ಕಾಗದದ ಚೂರುಗಳ ಮೇಲೆ ಪ್ರಸಂಗಗಳನ್ನು ಬರೆದುಕೊಂಡದ್ದು ಇಂದಿಗೂ ಉಳಿದಿದೆ. 1755ರಲ್ಲಿ, ಇನ್ನೂ ಹತ್ತು ತುಂಬುತ್ತಿದ್ದ ಮಗ ಜೊನಾಥನ್ ಒಬ್ಬ ಮಿಷನರಿಯೊಡನೆ ದೂರದ ಇಂಡಿಯನ್ ನೆಲೆಗೆ ಹೋಗಿದ್ದಾಗ ತಂದೆ ಬರೆದ ಪತ್ರದಲ್ಲಿ ಅವನ ಆಟದ ಗೆಳೆಯನೊಬ್ಬ ಸತ್ತ ಸುದ್ದಿಯಿದೆ; ತಾನು ಪರಿವರ್ತನೆ ಹೊಂದಿದ್ದೇನೆಂಬುದಕ್ಕೆ ಒಳ್ಳೆಯ ಸಾಕ್ಷ್ಯ ದೊರೆಯುವವರೆಗೆ ವಿಶ್ರಮಿಸಬೇಡವೆಂಬ ಬುದ್ಧಿಮಾತಿದೆ. ಹತ್ತು ವರ್ಷದ ಹುಡುಗನಿಗೆ ಬರೆಯುವ ಮಾತೇ ಇದು ಎಂದು ಇಂದಿನ ಓದುಗರಿಗೆ ಅನಿಸುವುದು ಸಹಜ, ನನಗೂ ಅನಿಸಿತು. ಆದರೆ ನೀನು ನನ್ನ ಮಗ, ಆದ್ದರಿಂದ ನಿನಗೆ ಭಯವಿಲ್ಲ ಎಂದು ಅವರು ಬರೆಯಲಿಲ್ಲ.

ಒಂದೇ ಗುರು, ಇಬ್ಬರು ಶಿಷ್ಯರು

1757ರ ಸೆಪ್ಟೆಂಬರಿನಲ್ಲಿ ಎಸ್ತರ್ ಅವರ ಪತಿ, ನ್ಯೂಜೆರ್ಸಿ ಕಾಲೇಜಿನ ಅಧ್ಯಕ್ಷರಾಗಿದ್ದ ಅಳಿಯ ಆರನ್ ಬರ್ ತೀರಿಕೊಂಡರು. ಅವರ ಸ್ಥಾನಕ್ಕೆ ಹೋದ ಎಡ್ವರ್ಡ್ಸ್ ಸಿಡುಬಿನ ಮುನ್ನೆಚ್ಚರಿಕೆಗೆಂದು ಹಾಕಿಸಿಕೊಂಡ ಚುಚ್ಚಿನಿಂದಲೇ ಸಿಡುಬಿಗೆ ತುತ್ತಾಗಿ 1758ರ ಮಾರ್ಚ್ 22ರಂದು ಕಣ್ಮುಚ್ಚಿದರು. ಹಾಸಿಗೆಯ ಬಳಿಯಿದ್ದ ಮಗಳ ಮೂಲಕ ಮಕ್ಕಳಿಗೆ ಹೇಳಿ ಕಳಿಸಿದ್ದು, ನೀವು ತಂದೆಯಿಲ್ಲದವರಾಗುತ್ತಿದ್ದೀರಿ, ಎಂದೂ ಕೈಬಿಡದ ತಂದೆಯನ್ನು ಹುಡುಕಲು ಇದೇ ನಿಮಗೆ ಪ್ರೇರಣೆಯಾಗಲಿ ಎಂದು. ಹದಿನಾರು ದಿನಗಳ ಬಳಿಕ ಎಸ್ತರ್ ತೀರಿಕೊಂಡರು. ಅನಾಥರಾದ ಮೊಮ್ಮಕ್ಕಳನ್ನು ಕರೆತರಲು ಫಿಲಡೆಲ್ಫಿಯಾಕ್ಕೆ ಹೋದ ಸಾರಾ ಅಲ್ಲಿಯೇ ರಕ್ತಭೇದಿಯಿಂದ ಅಕ್ಟೋಬರ್ 2ರಂದು ಕೊನೆಯುಸಿರೆಳೆದರು. ಒಂದು ವರ್ಷ ಮತ್ತು ಸುಮಾರು ಒಂದು ವಾರದಲ್ಲಿ ಆ ಮನೆಯ ನಾಲ್ವರು ಹಿರಿಯರು ಇಲ್ಲವಾದರು. ಮೇಲೆ ವಿವರಿಸಿದ ಮನೆ, ಅದರ ಪ್ರಾರ್ಥನೆ, ಪ್ರಶ್ನೋತ್ತರ, ನಯವಾದ ಶಿಸ್ತು ಎಲ್ಲವೂ ಅಲ್ಲಿಗೆ ಮುಗಿದವು.

ಎಸ್ತರ್ ಅವರ ಮಗ, ತಂದೆಯ ಹೆಸರನ್ನೇ ಹೊತ್ತ ಎರಡು ವರ್ಷದ ಆರನ್ ಬರ್‌ನನ್ನೂ ಅವನ ಅಕ್ಕನನ್ನೂ ಕೆಲಕಾಲದ ನಂತರ ಸಾಕಲು ವಹಿಸಿಕೊಂಡವರು ಇಪ್ಪತ್ತು ದಾಟಿದ ಸೋದರಮಾವ ಟಿಮೊಥಿ ಎಡ್ವರ್ಡ್ಸ್. ಅವರು ಕಟ್ಟುನಿಟ್ಟಿನವರು, ಹುಡುಗ ಮನೆ ಬಿಟ್ಟು ಓಡಿದ್ದೂ ಉಂಟು. 1772ರಲ್ಲಿ ಹದಿನಾರನೆಯ ವಯಸ್ಸಿಗೆ ಪ್ರಿನ್ಸ್‌ಟನ್ ಪದವಿ ಪಡೆದ ಬರ್, ಅಜ್ಜನ ಶಿಷ್ಯರಾದ ಜೋಸೆಫ್ ಬೆಲ್ಲಮಿಯವರ ಬಳಿ ದೇವತಾಶಾಸ್ತ್ರ ಓದಲು ಸೇರಿ, ಕೆಲವೇ ತಿಂಗಳಲ್ಲಿ ಅದನ್ನು ಬಿಟ್ಟು, ಅಕ್ಕನ ಗಂಡನ ಬಳಿ ಕಾನೂನು ಕಲಿಯಲು ಹೋದರು. ಮುಂದೆ 1801ರಿಂದ 1805ರವರೆಗೆ ಅಮೆರಿಕದ ಉಪಾಧ್ಯಕ್ಷರಾದರು; ಆ ಪದವಿಯಲ್ಲಿದ್ದಾಗಲೇ 1804ರಲ್ಲಿ ರಾಜಕೀಯ ಎದುರಾಳಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಅವರನ್ನು ದ್ವಂದ್ವಯುದ್ಧದಲ್ಲಿ ಕೊಂದರು; 1807ರಲ್ಲಿ ರಾಜದ್ರೋಹದ ವಿಚಾರಣೆ ಎದುರಿಸಿ ಖುಲಾಸೆಯಾದರು. ಪ್ರಸಂಗಗಳ ಪಟ್ಟಿಯಲ್ಲಿ ಹೆಮ್ಮೆಯಿಂದ ಎಣಿಸುವ ‘ಒಬ್ಬ ಉಪಾಧ್ಯಕ್ಷ’ ಇವರೇ. ಹೆಸರನ್ನು ಹೇಳದೆ ಪದವಿಯನ್ನಷ್ಟೇ ಹೇಳುವುದರ ಅನುಕೂಲ ಇಂತಹದು.

ಅದೇ ಬೆಲ್ಲಮಿಯವರ ಬಳಿ ಕೆಲವು ವರ್ಷಗಳ ಹಿಂದೆ ಓದಿದ ಇನ್ನೊಬ್ಬರು, ಹದಿಮೂರನೆಯ ವಯಸ್ಸಿಗೆ ಅನಾಥನಾದ ಕಿರಿಯ ಜೊನಾಥನ್ ಎಡ್ವರ್ಡ್ಸ್. ಮೊಹಿಕನ್ ಮಕ್ಕಳೊಡನೆ ಆಡಿ ಬೆಳೆದ ಈತನಿಗೆ ಚಿಕ್ಕಂದಿನಲ್ಲಿ ಇಂಗ್ಲಿಷಿಗಿಂತ ಅವರ ನುಡಿಯೇ ಹೆಚ್ಚು ಸಲೀಸಾಗಿತ್ತು. ಮುಂದೆ ಆ ನುಡಿಯ ಕುರಿತು ವಿದ್ವತ್ಪೂರ್ಣ ಪ್ರಬಂಧವನ್ನೂ ಬರೆದರು. ತಂದೆಯ ಗಡೀಪಾರಿನಂತಹ ಸ್ಥಿತಿ ಮಗನ ಪಾಲಿಗೆ ಒಂದು ಭಾಷೆಯಾಯಿತು. ತಂದೆ ಯೋಜಿಸಿ ಕೊಟ್ಟ ಆಸ್ತಿ ಅದಲ್ಲ.

ಕಿರಿಯ ಎಡ್ವರ್ಡ್ಸರ ವಿಷಯ ಬಂದಾಗ ಈ ಕುಟುಂಬದ ಅತ್ಯಂತ ಕಹಿಯಾದ ದಾಖಲೆಯನ್ನು ತೆರೆಯಲೇಬೇಕಾಗುತ್ತದೆ. 1731ರಲ್ಲಿ ಹಿರಿಯ ಎಡ್ವರ್ಡ್ಸ್ ನ್ಯೂಪೋರ್ಟ್ ಬಂದರಿಗೆ ಹೋಗಿ ವೀನಸ್ ಎಂಬ, ಸುಮಾರು ಹದಿನಾಲ್ಕು ವಯಸ್ಸಿನ ಕಪ್ಪು ಹುಡುಗಿಯನ್ನು 80 ಪೌಂಡಿಗೆ ಕೊಂಡರು. ಅವರು ತೀರಿಕೊಂಡಾಗ ಮಾಡಿದ ಆಸ್ತಿಪಟ್ಟಿಯಲ್ಲಿ ಟೈಟಸ್ ಎಂಬ ಹುಡುಗನ ಹೆಸರು ದನಕರುಗಳ ಸಾಲಿನಲ್ಲಿ ಬರುತ್ತದೆ. ಆಫ್ರಿಕದಿಂದ ಹೊಸದಾಗಿ ಜನರನ್ನು ಹಿಡಿದುತರುವ ವ್ಯಾಪಾರವನ್ನು ಖಂಡಿಸಿದ ಅವರು ಗುಲಾಮರನ್ನು ಇಟ್ಟುಕೊಳ್ಳುವುದನ್ನು ಸಮರ್ಥಿಸಿ ಬರೆದ ಕರಡು ಉಳಿದಿದೆ. ಭಕ್ತಿಯಿಂದ ತುಂಬಿದ ಆ ಮನೆಯಲ್ಲಿ ಬೆಳೆದ ಮಕ್ಕಳು ಇದನ್ನೂ ಪ್ರತಿದಿನ ಕಂಡರು. ಪ್ರಾರ್ಥನೆ ದಾಟುವುದಾದರೆ ಇದೂ ದಾಟಬೇಕಿತ್ತು.

ಆದದ್ದು ಬೇರೆ. ಎಡ್ವರ್ಡ್ಸ್ ತಮ್ಮ ನೀತಿಶಾಸ್ತ್ರದಲ್ಲಿ ಸದ್ಗುಣವೆಂದರೆ ಸಮಸ್ತ ಜೀವದ ಹಿತವನ್ನು ಬಯಸುವುದು ಎಂಬರ್ಥದ ತತ್ವವನ್ನು ಮುಂದಿಟ್ಟಿದ್ದರು. ಅವರ ಮನೆಯಲ್ಲಿದ್ದು ಕಲಿತ ಹಾಪ್ಕಿನ್ಸ್ 1770ರಲ್ಲಿ ಸಭಾಪಾಲಕರಾಗಿ ಹೋದದ್ದು ಅದೇ ನ್ಯೂಪೋರ್ಟಿಗೆ. ಗುರು ವೀನಸಳನ್ನು ಕೊಂಡ ಊರಿನಲ್ಲಿ ಶಿಷ್ಯ ಗುರುವಿನ ತತ್ವವನ್ನೇ ಹಿಡಿದು ಗುಲಾಮಗಿರಿಯ ವಿರುದ್ಧ ಬೋಧಿಸಿದರು. 1776ರಲ್ಲಿ ಅದನ್ನು ಕುರಿತು ಪುಸ್ತಿಕೆ ಪ್ರಕಟಿಸಿದರು. ಕಿರಿಯ ಎಡ್ವರ್ಡ್ಸ್ ಅವರೂ 1773ರಲ್ಲಿಯೇ ಪತ್ರಿಕೆಯಲ್ಲಿ ಈ ವಿಷಯವನ್ನು ಎತ್ತಿದ್ದರು. 1791ರಲ್ಲಿ ನ್ಯೂ ಹೇವನ್‌ನಲ್ಲಿ ಅವರು ಮಾಡಿದ ಪ್ರಸಂಗ ಗುಲಾಮ ವ್ಯಾಪಾರವೂ ಗುಲಾಮರನ್ನು ಇಟ್ಟುಕೊಳ್ಳುವುದೂ ಅನ್ಯಾಯವೆಂದು ಸಾರಿತು. ಹಿಂದಿನವರು ತಿಳಿಯದೆ ಮಾಡಿದ್ದನ್ನು ಈಗ ತಿಳಿದೂ ಮಾಡುವವರಿಗೆ ಆ ನೆಪ ಸಲ್ಲದೆಂಬುದು ಅವರ ವಾದದ ಒಂದು ಭಾಗ. ಆ ಹಿಂದಿನವರಲ್ಲಿ ಯಾರು ಸೇರಿದ್ದರೆಂದು ಹೇಳುವವರಿಗೂ ಗೊತ್ತಿತ್ತು, ಕೇಳುವವರಿಗೂ ಗೊತ್ತಿತ್ತು.

ತಂದೆ ತನ್ನ ಅಜ್ಜನ ವಿಷಯದಲ್ಲಿ ಮಾಡಿದ್ದನ್ನೇ ಮಗ ತಂದೆಯ ವಿಷಯದಲ್ಲಿ ಮಾಡಿದರು. ಹಿರಿಯರು ಬಿಟ್ಟುಹೋದ ತತ್ವವನ್ನು ಹಿರಿಯರು ನಡೆಸಿಕೊಂಡು ಬಂದ ಪದ್ಧತಿಯ ಎದುರಿಗೆ ನಿಲ್ಲಿಸಿ, ಯಾವುದನ್ನು ಉಳಿಸಿಕೊಳ್ಳಬೇಕೆಂದು ತಾವೇ ನಿರ್ಧರಿಸಿದರು. ಈ ವಂಶದಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಾಗಿದ್ದು ಏನಾದರೂ ಇದ್ದರೆ ಅದು ಈ ರೂಢಿಯೇ ಎಂದು ನನ್ನ ಅಭಿಪ್ರಾಯ. ಪದವಿಗಳ ಪಟ್ಟಿಯಿಂದ ಅದನ್ನು ಅಳೆಯಲಾಗದು.

ಬೆಲೆ ತೆರುವುದರಲ್ಲಿಯೂ ಮಗ ತಂದೆಯನ್ನು ಹೋಲುತ್ತಾರೆ. ಅವರ ಸಿದ್ಧಾಂತ ಬಿಗಿಯಾಗುತ್ತ ಹೋದಂತೆ ನ್ಯೂ ಹೇವನ್ ಸಭೆಯ ಸದಸ್ಯರು ಕಡಿಮೆಯಾಗುತ್ತ ಹೋದರು, ಭಿನ್ನಾಭಿಪ್ರಾಯಗಳು ಬೆಳೆದವು. 1795ರಲ್ಲಿ, ಸುಮಾರು ಇಪ್ಪತ್ತಾರು ವರ್ಷಗಳ ಸೇವೆಯ ನಂತರ, ಸಭೆ ಅವರನ್ನು ಬಿಡಿಸಿತು. ಐವತ್ತರ ಆ ಮನುಷ್ಯ ಮನೆಮಂದಿಯೊಡನೆ ಕೋಲ್‌ಬ್ರೂಕ್ ಎಂಬ ಸಣ್ಣ ಹಳ್ಳಿಯ ಸಭೆಗೆ ಹೊರಟರು.